ಟ್ರೂಡಿ ಮಾಡಿಸಿದ ಗಾಡಿ

ಮೇ ತಿಂಗಳ ಎರಡನೆಯ ಭಾನುವಾರ ಚರ್ಚಿನ ಅಂಗಳದಲ್ಲಿ, ಪಾದ್ರಿ ಚಿಮುಕಿಸಿದ ತೀರ್ಥ ಟ್ಯಾಂಕಿನ ಮೇಲೆ ಇನ್ನೂ ಆರುವ ಮೊದಲೇ, ಡೆಲ್ಮರ್ ಕೊನೆಕ್ನಿ ತನ್ನ ಮೋಟಾರ್ ಸೈಕಲ್ಲನ್ನು ಬೀಳಿಸಿಕೊಂಡ.

ಓಡಿಸುವಾಗ ಬೀಳಿಸಿದ್ದರೆ ಹೇಳಿಕೊಳ್ಳಲು ಒಂದು ಕಥೆಯಾದರೂ ಆಗುತ್ತಿತ್ತು. ಅವನು ನಿಂತಲ್ಲೇ ಬೀಳಿಸಿದ. ಪ್ರತಿ ವರ್ಷದಂತೆ ಊರಿನ ಸವಾರರೆಲ್ಲ ಗಾಡಿಗಳಿಗೆ ಆಶೀರ್ವಾದ ಮಾಡಿಸಿಕೊಳ್ಳಲು ಸಾಲುಗಟ್ಟಿ ನಿಂತಿದ್ದರು. ಸಾಲಿನಿಂದ ಹೊರಗೆ ಬರಲು ಡೆಲ್ಮರ್ ಗಾಡಿಯನ್ನು ಕಾಲಿನಿಂದ ಹಿಂದಕ್ಕೆ ತಳ್ಳುತ್ತಿದ್ದ. ಬಲ ಮೊಣಕಾಲು ಕೈಕೊಟ್ಟಿತು. ಎಂಟುನೂರು ಪೌಂಡಿನ ಗಾಡಿ ಒಂದು ಕಡೆಗೆ ವಾಲಿತೆಂದರೆ ಮುಗಿಯಿತು, ಎಪ್ಪತ್ತೊಂದು ವರ್ಷದ ಮನುಷ್ಯ ಹಿಡಿದು ನಿಲ್ಲಿಸುವ ಮಾತಲ್ಲ. ಹಿಂದೆ ಕೂತಿದ್ದ ಹೆಂಡತಿ ಅರ್ಲೀನ್ ಹುಲ್ಲಿನ ಮೇಲೆ ಉರುಳಿದಳು.

ಇನ್ನೂರು ಜನ ನೋಡಿದರು. ಒಬ್ಬರೂ ನಗಲಿಲ್ಲ. ನಗದೆ ಇದ್ದದ್ದೇ ಡೆಲ್ಮರನಿಗೆ ಹೆಚ್ಚು ಉರಿಯಿತು.

"ಕೈ ಬಿಡ್ರೋ, ನಾನೇ ಎತ್ತುತೀನಿ," ಎಂದ. ಯಾರೂ ಕೈ ಬಿಡಲಿಲ್ಲ. ಅವನ ಹಳೆಯ ಗೆಳೆಯ ಗಸ್ ಮತ್ತು ಇನ್ನಿಬ್ಬರು ಸೇರಿ ಗಾಡಿಯನ್ನು ನಿಲ್ಲಿಸಿ, ಸ್ಟ್ಯಾಂಡು ಹಾಕಿ, ಆಮೇಲೆ ಅರ್ಲೀನಳ ಕಡೆ ತಿರುಗಿದರು. ಅವಳು ಅಷ್ಟರಲ್ಲಿ ತಾನಾಗಿಯೇ ಎದ್ದು ಲಂಗದ ಹುಲ್ಲು ಕೊಡವಿಕೊಳ್ಳುತ್ತಿದ್ದಳು.

ಆ ಗಾಡಿ ಸಾಮಾನ್ಯದ್ದಲ್ಲ. ಪಾತ್ರೆ ಕಾರ್ಖಾನೆಯಲ್ಲಿ ಹೆಚ್ಚುವರಿ ಪಾಳಿ ಮಾಡಿ, ತೊಂಬತ್ತಾರರಲ್ಲಿ ಹೊಸದಾಗಿ ತಂದದ್ದು. ಹೊಸದಾದರೂ ಅದರ ಠೀವಿ ಅವನ ಅಪ್ಪನ ಕಾಲದ್ದು: ನೀರಿನ ಹನಿಯ ಆಕಾರದ ಟ್ಯಾಂಕು, ಅಗಲವಾಗಿ ಹಿಂದಕ್ಕೆ ಬಾಗಿದ ಹ್ಯಾಂಡಲ್, ತಗ್ಗಿನ ಸೀಟು, ಪಾದ ಪೂರ್ತಿ ಊರಲು ಹಲಗೆ, ಎರಡು ಕಡೆ ತೊಗಲಿನ ಚೀಲ. ದೊಡ್ಡ ಎರಡು ಸಿಲಿಂಡರ್, ಸಾವಿರದ ಮುನ್ನೂರ ನಲವತ್ತು ಸಿಸಿ. ಜಪಾನಿನ ಗಾಡಿಗಳು ಸಿಗ್ನಲ್ಲಿನಲ್ಲಿ ಅದನ್ನು ಹಿಂದೆ ಹಾಕಿ ಚಿಗರೆಯ ಹಾಗೆ ಹಾರಿಹೋಗುತ್ತಿದ್ದವು. ಡೆಲ್ಮರ್ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. "ಓಡೋಗೋರು ಓಡೋಗ್ಲಿ. ಇದು ಐದನೇ ಗೇರಲ್ಲಿ ಅರವತ್ತು ಮೈಲಿ ಸ್ಪೀಡಲ್ಲಿ ಇದ್ರೂ ನಿದ್ದೆ ಮಾಡ್ತಿರುತ್ತೆ. ಏರು ಬಂದ್ರೆ ಗೇರ್ ಇಳಿಸೋ ಹಾಗೇ ಇಲ್ಲ, ಸ್ವಲ್ಪ ಕೈ ತಿರುಗಿಸು, ಎತ್ತಿನ ಥರ ಎಳ್ಕೊಂಡು ಹೋಗುತ್ತೆ," ಎನ್ನುತ್ತಿದ್ದ. ಬ್ರೇಕಿನ ವಿಷಯ ಮಾತ್ರ ಎತ್ತುತ್ತಿರಲಿಲ್ಲ. ರಿವರ್ಸ್ ಗೇರ್ ಇಲ್ಲದ ವಿಷಯವನ್ನೂ ಎತ್ತುತ್ತಿರಲಿಲ್ಲ.

ಹಿಂದಿನ ಸೀಟೆಂದರೆ ಅಂಗೈಯಗಲದ ದಿಂಬು. ಅದರ ಮೇಲೆ ಅರ್ಲೀನ್ ಇಪ್ಪತ್ತೊಂದು ವರ್ಷ ಕೂತಿದ್ದಳು. ಈಚೆಗೆ ಸೊಂಟ ಹಿಡಿದುಕೊಳ್ಳುತ್ತಿತ್ತು, ಇಳಿದ ಮೇಲೆ ಹತ್ತು ಹೆಜ್ಜೆ ಬಾತುಕೋಳಿಯ ಹಾಗೆ ನಡೆಯಬೇಕಿತ್ತು. ಆದರೂ ಹತ್ತುವುದನ್ನು ಬಿಟ್ಟಿರಲಿಲ್ಲ.

ಆ ಭಾನುವಾರ ಮನೆಗೆ ಬಂದು ಡೆಲ್ಮರ್ ಎರಡು ಬಟ್ಟಲು ಸಾರು ಕುಡಿದ. ಮೊಣಕಾಲಿನ ಆಪರೇಷನ್ನನ್ನು ಎರಡು ವರ್ಷದಿಂದ ಮುಂದೂಡುತ್ತ ಬಂದವನು ಮರುದಿನ ತಾನೇ ಫೋನ್ ಮಾಡಿ ಜೂನ್ ಮೊದಲ ವಾರಕ್ಕೆ ದಿನ ಗೊತ್ತುಮಾಡಿಕೊಂಡ.

ಮನೆಯಲ್ಲಿ ಇನ್ನಿಬ್ಬರಿದ್ದರು. ಮಗಳು ಟ್ರೂಡಿ, ನಲವತ್ತಮೂರು, ಗಂಡನನ್ನು ಬಿಟ್ಟು ಮೂರು ವರ್ಷದ ಹಿಂದೆ ವಾಪಸು ಬಂದವಳು. ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಬೆಳಗಿನ ಪಾಳಿ. ಅವಳ ಮಗಳು ಮ್ಯಾಡಿ, ಹದಿನೇಳು, ಶುಕ್ರವಾರ ಶನಿವಾರ ಸರೋವರದ ದಂಡೆಯ ಬಾರಿನಲ್ಲಿ ಊಟ ಬಡಿಸುತ್ತಿದ್ದಳು. ಬಾಯಿ ಸ್ವಲ್ಪ ಜೋರು.

ಮೇ ಕೊನೆಯ ಒಂದು ಸಂಜೆ ಅರ್ಲೀನ್ ಅಡುಗೆಮನೆಯ ಬಾಗಿಲು ಮುಂದೆ ಮಾಡಿ, ಆಲೂಗಡ್ಡೆಯ ಬುಟ್ಟಿಯನ್ನು ಟ್ರೂಡಿಯ ಮುಂದೆ ಇಟ್ಟಳು.

"ನಾರ್ಬರ್ಟ್ ಹತ್ರ ಹೋಗಿದ್ದೆ," ಎಂದಳು. ನಾರ್ಬರ್ಟ್ ಡೆಲ್ಮರನ ಗಾಡಿಯನ್ನು ಮೊದಲಿನಿಂದಲೂ ನೋಡಿಕೊಂಡು ಬಂದ ಮೆಕ್ಯಾನಿಕ್.

"ಯಾಕೆ?"

"ಹಿಂದಿನ ಚಕ್ರ ತೆಗೆದು ಎರಡು ಚಕ್ರ ಹಾಕ್ತಾನಂತೆ. ಅಗಲ ಸೀಟು, ಬೆನ್ನಿಗೆ ಒರಗು, ರಿವರ್ಸ್ ಗೇರು. ಬೀಳೋ ಮಾತೇ ಇಲ್ಲ."

ಟ್ರೂಡಿ ಚಾಕು ಕೆಳಗಿಟ್ಟಳು. "ಅಮ್ಮ, ತಲೆ ನೆಟ್ಟಗಿದೆಯಾ? ಮೂರು ಚಕ್ರದೋರನ್ನ ಅಪ್ಪ ಏನಂತ ಕರೀತಾನೆ?"

"ಐಸ್‌ಕ್ರೀಮ್ ಗಾಡಿಯೋರು."

"ಗೊತ್ತಿದ್ದೂ ಹೇಳ್ತೀಯಲ್ಲ! ಅದರ ಬದಲು ಓಡಿಸೋದು ಬಿಡು ಅನ್ನು."

"ಅವನು ಬಿಟ್ರೆ ನಾನೂ ಬಿಟ್ಟ ಹಾಗಲ್ವೇನೇ? ವಾರಪೂರ್ತಿ ಈ ಒಲೆ, ಈ ಬಟ್ಟೆ, ಅವನ ಗೊಣಗಾಟ. ಶುಕ್ರವಾರ ಒಂದಿನ ಬಾರಿಗೆ ಊಟಕ್ಕೆ ಹೋಗ್ತಾ ಮುಖಕ್ಕೆ ಗಾಳಿ ಹೊಡೆಯುತ್ತೆ ನಂಗೆ. ಅದನ್ನೂ ಕಳ್ಕೊಂಡ್ರೆ ನಂಗೇನಿದೆ?"

"ಹಾಗಂತ ಅಪ್ಪನಿಗೇ ಹೇಳು."

"ಕೇಳಿದ್ರೆ ಬೇಡ ಅಂತಾನೆ. ಆಸ್ಪತ್ರೇಲಿ ಇದ್ದಾಗಲೇ ಮಾಡಿ ಮುಗಿಸ್ಬಿಡೋದು. ದುಡ್ಡು ನಂದೇ ಇದೆ. ಮಾಡಿಸಿದ್ದು ನೀನು ಅಂತ ಹೇಳು."

"ನಾನಾ!"

"ಮಗಳು ಅಂದ್ರೆ ನಾಲ್ಕು ದಿನ ಕೂಗಾಡಿ ಸುಮ್ಮನಾಗ್ತಾನೆ. ನಾನು ಅಂದ್ರೆ ಸಾಯೋವರೆಗೂ ಸಾಧಿಸ್ತಾನೆ. ಸ್ವಲ್ಪ ದಿನ ಆಗ್ಲಿ, ಆಮೇಲೆ ನಾನೇ ಹೇಳ್ತೀನಿ."

ಟ್ರೂಡಿ ಐದಾರು ಆಲೂಗಡ್ಡೆ ಸುಲಿದಳು. ಬಾಡಿಗೆ ಕೊಡದೆ ಮೂರು ವರ್ಷದಿಂದ ಈ ಮನೆಯಲ್ಲಿದ್ದವಳು. ಅದನ್ನು ಅರ್ಲೀನ್ ಬಾಯಿಬಿಟ್ಟು ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ.

"ನಾಲ್ಕು ದಿನ ತಾನೆ?" ಎಂದಳು ಟ್ರೂಡಿ.

ಗಾಡಿಯ ಹಿಂಭಾಗದ ಚೌಕಟ್ಟನ್ನು ಕೊಯ್ಯಬೇಕಾಗುತ್ತದೆ, ಒಮ್ಮೆ ಕೊಯ್ದರೆ ಅದು ಮತ್ತೆ ಎರಡು ಚಕ್ರಕ್ಕೆ ಬರುವುದಿಲ್ಲ ಎಂದು ನಾರ್ಬರ್ಟ್ ಎರಡು ಸಲ ಹೇಳಿದ್ದ. ಅರ್ಲೀನ್ ಎರಡು ಸಲವೂ ಹೂಂ ಅಂದಿದ್ದಳು.

ಡೆಲ್ಮರ್ ಆಸ್ಪತ್ರೆಯಿಂದ ಬಂದ ದಿನ ಮನೆಯ ಮುಂದೆ ಗಸ್ ಕೆಂಡದ ಮೇಲೆ ಸಾಸೇಜು ಸುಡುತ್ತಿದ್ದ. ಐದಾರು ಜನ ಸವಾರರು ಬಿಯರ್ ಹಿಡಿದು ನಿಂತಿದ್ದರು. ಗಾಡಿ ಅಂಗಳದ ನಡುವೆ, ಈಗಷ್ಟೇ ತೊಳೆದ ಹಾಗೆ ಹೊಳೆಯುತ್ತ, ಹಿಂದೆ ಎರಡು ದಪ್ಪ ಚಕ್ರಗಳನ್ನು ಅಗಲಿಸಿಕೊಂಡು ಕೂತಿತ್ತು. ಮುಂದಿನಿಂದ ನೋಡಿದರೆ ಹಳೆಯದೇ. ಹಿಂದಿನಿಂದ ನೋಡಿದರೆ ಯಾರದೋ.

ಡೆಲ್ಮರ್ ವಾಕರ್ ಹಿಡಿದು ಒಂದು ಸುತ್ತು ಬಂದ.

"ರಿವರ್ಸೂ ಇದೆ," ಎಂದ ನಾರ್ಬರ್ಟ್, ತನ್ನ ಬೂಟುಗಳನ್ನು ನೋಡುತ್ತ.

"ಯಾರ ತಲೆ ಇದು?" ಎಂದು ಡೆಲ್ಮರ್ ಕೇಳಿದ.

ಅರ್ಲೀನ್ ಟ್ರೂಡಿಯ ಪಕ್ಕದಲ್ಲೇ ಇದ್ದಳು. ಕೈಯಲ್ಲಿ ಬ್ರೆಡ್ಡಿನ ತಟ್ಟೆ ಇತ್ತು. ಆ ಕ್ಷಣ ನನ್ನದು ಅಂದುಬಿಡಬಹುದಿತ್ತು, ನಾಲಿಗೆಯ ತುದಿಯವರೆಗೆ ಬಂದಿತ್ತು ಕೂಡ.

"ನಂದು ಅಪ್ಪ," ಎಂದಳು ಟ್ರೂಡಿ.

ಡೆಲ್ಮರ್ ಮಗಳನ್ನು ನೋಡಿದ, ಹೆಂಡತಿಯನ್ನು ನೋಡಿದ, ಆಮೇಲೆ ಗೆಳೆಯರ ಕಡೆ ತಿರುಗಿದ. "ನೋಡ್ರಪ್ಪ, ಮೊಣಕಾಲು ಕೊಯ್ಸಿಕೊಳ್ಳೋಕೆ ಹೋದ್ರೆ ಮಗಳು ಮನೇಲಿ ಗಾಡಿ ಕೊಯ್ಸಿದಾಳೆ. ಇನ್ನೆರಡು ದಿನ ಬಿಟ್ಟು ಬಂದಿದ್ರೆ ಗಂಟೆ ಕಟ್ಟಿ ಐಸ್‌ಕ್ರೀಮೂ ತುಂಬ್ಸಿಟ್ಟಿರ್ತಿದ್ಲು."

ಎಲ್ಲರೂ ಗೊಳ್ಳೆಂದು ನಕ್ಕರು. ಗಸ್ ಸಾಸೇಜು ಬಡಿಸಿದ. ಬಿಗಿದ ಗಾಳಿ ಸಡಿಲವಾಯಿತು. ಟ್ರೂಡಿಯೂ ನಕ್ಕಳು, ನಾಲ್ಕು ದಿನದ ಮಾತು ತಾನೆ ಎಂದು.

ನಾಲ್ಕು ದಿನ ನಾಲ್ಕು ವಾರವಾಯಿತು. ಡೆಲ್ಮರ್ ಕೂಗಾಡಿದ್ದರೆ ಚೆನ್ನಾಗಿತ್ತು. ಅವನು ಮಗಳ ಜೊತೆ ಮಾತನ್ನೇ ನಿಲ್ಲಿಸಿದ. ಒಂದೇ ಮೇಜಿನಲ್ಲಿ, ಒಂದು ಮೊಳ ದೂರದಲ್ಲಿ ಕೂತು, "ಅರ್ಲೀನ್, ಆ ಉಪ್ಪು ಈ ಕಡೆ ತಳ್ಳೋಕೆ ಹೇಳು," ಎನ್ನುತ್ತಿದ್ದ. ಟ್ರೂಡಿ ಉಪ್ಪು ತಳ್ಳುತ್ತಿದ್ದಳು.

ಪಾಳಿ ಮುಗಿಸಿ ಬಂದು ಅವನ ಕಾಲಿಗೆ ಮಂಜುಗಡ್ಡೆಯ ಚೀಲ ಇಡುತ್ತಿದ್ದವಳು, ಮೊಣಕಾಲನ್ನು ಮಡಿಸಿ ಬಿಡಿಸಿ ವ್ಯಾಯಾಮ ಮಾಡಿಸುತ್ತಿದ್ದವಳು ಟ್ರೂಡಿಯೇ. ಅರ್ಲೀನಳಿಗೆ ಬಗ್ಗಲು ಆಗುತ್ತಿರಲಿಲ್ಲ. ಅವನು ಟಿವಿಯ ಬೇಸ್‌ಬಾಲ್ ನೋಡುತ್ತ ಕಾಲನ್ನು ಮಾತ್ರ ಒಪ್ಪಿಸುತ್ತಿದ್ದ.

"ನೋವಾಗುತ್ತಾ ಅಪ್ಪ?"

ಟಿವಿಯಲ್ಲಿ ಯಾರೋ ಚೆಂಡು ಹೊಡೆದರು. ಡೆಲ್ಮರ್ ಅದಕ್ಕೆ ಚಪ್ಪಾಳೆ ತಟ್ಟಿದ.

"ಅಜ್ಜ, ಅಮ್ಮ ಕೇಳ್ತಿದಾಳೆ," ಎಂದಳು ಮ್ಯಾಡಿ.

"ನಂಗೆ ಕಿವಿ ಆಪರೇಷನ್ ಆಗಿಲ್ಲ."

"ಹಾಗಾದ್ರೆ ಬಾಯಿದಾಯ್ತಾ?"

"ಮ್ಯಾಡಿ!" ಎಂದು ಅರ್ಲೀನ್ ಗದರಿದಳು. ಗದರಬೇಕಾದದ್ದು ಯಾರನ್ನು ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಆಗಸ್ಟಿನ ಮೊದಲ ಶುಕ್ರವಾರ ಡೆಲ್ಮರ್ ಏಕಾಏಕಿ ಕೀಲಿ ತೆಗೆದುಕೊಂಡ. "ನಡಿ, ನಿನ್ನ ಮಗಳ ಟ್ರ್ಯಾಕ್ಟರ್ ಹೆಂಗಿದೆ ನೋಡೋಣ," ಎಂದ. ಅರ್ಲೀನ್ ಏಪ್ರನ್ ಬಿಚ್ಚಿ ಓಡಿದಳು.

ಇಂಜಿನ್ನಿನ ಸದ್ದು ಅದೇ, ದಪ್ಪ ದನಿಯ ಅದೇ ಗುಡುಗುಡು. ಆದರೆ ತಿರುವಿನಲ್ಲಿ ಗಾಡಿ ಬಾಗಲಿಲ್ಲ, ಅವನು ಎರಡೂ ತೋಳು ಹಾಕಿ ಹ್ಯಾಂಡಲ್ ತಿರುಗಿಸಬೇಕಾಯಿತು. "ಬಾಗದೇ ಇರೋ ಗಾಡೀನ ಗಾಡಿ ಅಂತಾರಾ! ಮೂಲೆ ಮೂಲೆಗೂ ಕುಸ್ತಿ ಆಡ್ಬೇಕು," ಎಂದು ಬೈದುಕೊಂಡ. ಎದುರಿಗೆ ಬಂದ ಸವಾರರು ವಾಡಿಕೆಯಂತೆ ಎಡಗೈ ತಗ್ಗಿಸಿ ಎರಡು ಬೆರಳು ತೋರಿಸಿದರು, ಎರಡು ಚಕ್ರ ನೆಲದ ಮೇಲಿರಲಿ ಎಂಬ ಶುಭಾಶಯ. ಊರಾಚೆ ಗಸ್ ಪಕ್ಕದಿಂದ ದಾಟಿ ಬಾರಿನ ಕಡೆಗೆ ಮುಂದೆ ಹೋದ. ಅವನು ಬೇಕೆಂದೇ ಮೂರು ಬೆರಳು ತೋರಿಸಿದ. ಡೆಲ್ಮರನ ಕುತ್ತಿಗೆ ಕೆಂಪಾದದ್ದು ಅರ್ಲೀನಳಿಗೆ ಹಿಂದಿನಿಂದ ಕಾಣಿಸಿತು.

ಆದರೆ ಇನ್ನೊಂದೂ ಕಾಣಿಸಿತು. ಸರೋವರದ ಉದ್ದಕ್ಕೂ ಹೋಗುವ ನೇರ ರಸ್ತೆಗೆ ಬಂದ ಮೇಲೆ ಅವನ ಭುಜ ಕೆಳಗಿಳಿಯಿತು. ಸಿಗ್ನಲ್ಲಿನಲ್ಲಿ ನಿಂತಾಗ ಕಾಲು ನೆಲಕ್ಕೆ ಇಡಬೇಕಾಗಿರಲಿಲ್ಲ. ಹಸಿರು ಬಂದಾಗ ಅವನು ಮೆಲ್ಲಗೆ ಶಿಳ್ಳೆ ಹಾಕುತ್ತಿದ್ದ. ಅರ್ಲೀನ್ ಒರಗಿಗೆ ಬೆನ್ನು ಕೊಟ್ಟು ಕೂತಳು. ಸೊಂಟ ನೋಯಲಿಲ್ಲ. ಅಷ್ಟು ಸುಖವನ್ನು ಅವಳು ಎಷ್ಟೋ ವರ್ಷದಿಂದ ಕಂಡಿರಲಿಲ್ಲ. ಮನೆಯಲ್ಲಿ ಟ್ರೂಡಿ ಈಗ ಪಾತ್ರೆ ತೊಳೆಯುತ್ತಿರುತ್ತಾಳೆ ಎಂಬುದು ಒಮ್ಮೆ ನೆನಪಾಯಿತು. ನೆನಪನ್ನು ಅವಳು ತಳ್ಳಿಹಾಕಿದಳು.

ಬಾರಿನಲ್ಲಿ ಶುಕ್ರವಾರದ ಮೀನೂಟ: ಹಿಟ್ಟಿನಲ್ಲಿ ಅದ್ದಿ ಕರಿದ ಮೀನು, ಆಲೂಗಡ್ಡೆ ದೋಸೆ, ಎಲೆಕೋಸಿನ ಕೋಸಂಬರಿ. ಡೆಲ್ಮರ್ ಕುರ್ಚಿ ಎಳೆಯುವ ಮೊದಲೇ ಗಸ್ ಗಂಟೆ ಬಾರಿಸುವ ಹಾಗೆ ಚಮಚದಿಂದ ಗ್ಲಾಸು ಬಾರಿಸಿದ. "ಒಂದು ವೆನಿಲ್ಲಾ ಕೊಡಪ್ಪ!"

"ಮಗಳನ್ನ ಕೇಳು, ಅಂಗಡಿ ಅವಳದ್ದು," ಎಂದ ಡೆಲ್ಮರ್. ಮೇಜೆಲ್ಲ ನಕ್ಕಿತು. ಅಲ್ಲಿಂದ ಅದೇ ಅಭ್ಯಾಸವಾಯಿತು. ಯಾರಾದರೂ ಕೆಣಕುವ ಮೊದಲೇ ಅವನು ಟ್ರೂಡಿಯ ಹೆಸರು ಎತ್ತುತ್ತಿದ್ದ. ಹುಷಾರು, ಮಗಳ ಕೈಲಿ ಗರಗಸ ಕೊಡಬೇಡಿ. ಗಂಡನ್ನ ಅರ್ಧಕ್ಕೆ ಕತ್ತರಿಸಿದವಳಿಗೆ ಗಾಡಿ ಯಾವ ಲೆಕ್ಕ. ಈ ಕೊನೆಯ ಮಾತಿಗೆ ಎಲ್ಲರಿಗಿಂತ ಜೋರಾಗಿ ನಗು ಬಂತು. ಅರ್ಲೀನ್ ಮೀನಿನ ಮುಳ್ಳು ಬಿಡಿಸುತ್ತ ತಲೆ ತಗ್ಗಿಸಿದಳು. ಹಿಂದೆ ನಾಲ್ಕು ತಟ್ಟೆ ಹಿಡಿದು ಮ್ಯಾಡಿ ನಿಂತಿದ್ದಳು.

ಆಗಸ್ಟಿನ ಕೊನೆಯ ಶುಕ್ರವಾರ ರಾತ್ರಿ ಮ್ಯಾಡಿ ಮನೆಗೆ ಬಂದು ಏಪ್ರನ್ನನ್ನು ಸೋಫಾದ ಮೇಲೆ ಎಸೆದಳು. "ಅಜ್ಜ, ಅಲ್ಲಿ ಎಲ್ರೂ ಅಮ್ಮನ್ನ ಗರಗಸ ಅಂತಾರೆ. ಗರಗಸದ ಮಗಳೇ, ಇನ್ನೊಂದು ಬಿಯರ್ ತಾ ಅಂತಾರೆ. ನಿಂಗೆ ನಾಚಿಕೆ ಆಗಲ್ವಾ?"

"ತಟ್ಟೆ ಎತ್ತೋಕೆ ಸಂಬಳ ಕೊಡ್ತಾರೆ ನಿಂಗೆ, ಕಿವಿ ಕೊಡೋಕಲ್ಲ."

"ಅಪ್ಪನ ವಿಷಯ ಯಾಕೆ ಎಳೀತೀಯ? ಅವನು ಅಮ್ಮನ್ನ ಹೊಡೀತಿದ್ದ, ನಿಂಗೆ ಗೊತ್ತು."

ಡೆಲ್ಮರ್ ಪತ್ರಿಕೆ ಮೇಲೆತ್ತಿದ. ಟ್ರೂಡಿ ಮೆಟ್ಟಿಲ ಮೇಲೆ ನಿಂತು ಕೇಳಿಸಿಕೊಂಡಿದ್ದಳು. ತಿರುಗಿ ಮೇಲೆ ಹೋದಳು.

ಮರುದಿನ ಹಿತ್ತಲಿನಲ್ಲಿ ಒಗೆದ ಚಾದರ ಹಿಂಡುವಾಗ, ಒಂದು ತುದಿ ಅರ್ಲೀನಳ ಕೈಯಲ್ಲಿ, ಇನ್ನೊಂದು ಟ್ರೂಡಿಯ ಕೈಯಲ್ಲಿ.

"ಯಾವಾಗ ಹೇಳ್ತೀಯಮ್ಮ?"

"ಹೇಳ್ತೀನಿ ಕಣೇ. ಈಗೀಗ ಓಡಿಸೋಕೆ ಶುರು ಮಾಡಿದಾನೆ. ಈಗ ಹೇಳಿದ್ರೆ ಮೂಲೇಲಿ ಹಾಕ್ಬಿಡ್ತಾನೆ."

"ಹಾಕ್ಲಿ! ಎರಡೂವರೆ ತಿಂಗಳಾಯ್ತು. ನನ್ನ ಕೈಲಿ ಕಾಲು ಉಜ್ಜಿಸ್ಕೊಳ್ತಾನೆ, ನನ್ನ ಮುಖ ನೋಡಲ್ಲ."

"ಚಳಿ ಬೀಳ್ಲಿ, ಗಾಡಿ ಹೊದಿಸಿ ಒಳಗಿಟ್ಟ ಮೇಲೆ ಹೇಳ್ತೀನಿ. ಖಂಡಿತ."

ಟ್ರೂಡಿ ಚಾದರವನ್ನು ಎಷ್ಟು ಜೋರಾಗಿ ತಿರುಚಿದಳೆಂದರೆ ಅರ್ಲೀನಳ ಕೈಯಿಂದ ತುದಿ ಜಾರಿತು. "ನಿಂಗೆ ಇನ್ನೂ ಎಷ್ಟು ಶುಕ್ರವಾರ ಬೇಕು, ಅದನ್ನ ಹೇಳು."

ಅರ್ಲೀನಳ ಮುಖ ಬಿಸಿಯಾಯಿತು, ಏಕೆಂದರೆ ಅವಳು ನಿಜವಾಗಿಯೂ ಎಣಿಸಿದ್ದಳು. ಹಿಮ ಬೀಳುವವರೆಗೆ ಹತ್ತು ಹನ್ನೊಂದು. "ನೀನೇ ಹೇಳ್ಬಿಡು ಹಾಗಾದ್ರೆ," ಎಂದಳು ಸಿಡುಕಿ.

"ನಾನು ಹೇಳಿದ್ರೆ ಅಮ್ಮನ ಮೇಲೆ ಹಾಕ್ತಿದಾಳೆ ಅಂತಾನೆ. ನೀನು ಪಕ್ಕದಲ್ಲಿ ನಿಂತು ಹೌದು ಅಂತೀಯಾ?"

ಅರ್ಲೀನ್ ಚಾದರದ ತುದಿಯನ್ನು ಹುಲ್ಲಿನಿಂದ ಎತ್ತಿಕೊಂಡು ಕೊಡವಿದಳು.

ಸೆಪ್ಟೆಂಬರಿನ ಕೊನೆಯ ಶನಿವಾರ ಟ್ರೂಡಿ ಮನೆ ಬಿಟ್ಟಳು. ಕೆಲಸದ ಗೆಳತಿಯೊಬ್ಬಳ ಮನೆಯ ಮೇಲೆ ಎರಡು ಕೋಣೆ ಸಿಕ್ಕಿತ್ತು. ಗೆಳತಿಯ ಪಿಕಪ್ ಬಂದಾಗ ಡೆಲ್ಮರ್ ಅಂಗಳದಲ್ಲಿ ಗಾಡಿಯ ಕ್ರೋಮನ್ನು ಉಜ್ಜುತ್ತಿದ್ದ. ಪಿಕಪ್ಪಿಗೆ ಒಳಗೆ ಬರಲು ಜಾಗವಿರಲಿಲ್ಲ. ಅವನು ಗಾಡಿಯ ಮೇಲೆ ಕೂತು ರಿವರ್ಸ್ ಹಾಕಿದ. ಗಾಡಿ ಬೀಪ್ ಬೀಪ್ ಎನ್ನುತ್ತ ಹಿಂದೆ ಸರಿದು ಮಗಳ ಸಾಮಾನಿಗೆ ದಾರಿ ಬಿಟ್ಟಿತು.

ಮ್ಯಾಡಿ ಅಜ್ಜಿಯನ್ನು ಮಾತ್ರ ತಬ್ಬಿಕೊಂಡಳು. ಟ್ರೂಡಿ ಕೊನೆಯ ಪೆಟ್ಟಿಗೆ ಹಿಡಿದು ಬಾಗಿಲಲ್ಲಿ ನಿಂತಳು. "ಬರ್ತೀನಿ ಅಪ್ಪ."

"ಬಾಗಿಲು ಎಳ್ಕೊಂಡು ಹೋಗು. ನೊಣ ಬರುತ್ತೆ," ಎಂದ ಡೆಲ್ಮರ್.

ಜೂನ್ ತಿಂಗಳಿನಿಂದ ಅವನು ಮಗಳಿಗೆ ನೇರವಾಗಿ ಆಡಿದ ಮೊದಲ ಮಾತು ಅದು. ಟ್ರೂಡಿ ಬಾಗಿಲು ಎಳೆದುಕೊಂಡಳು. ಅರ್ಲೀನಳನ್ನು ಅವಳು ಕಣ್ಣೆತ್ತಿ ನೋಡಲಿಲ್ಲ.

ಆಮೇಲೆ ಎರಡು ಶುಕ್ರವಾರ ಗಂಡಹೆಂಡತಿ ಮೀನೂಟಕ್ಕೆ ಹೋದರು. ಮ್ಯಾಡಿ ಅಲ್ಲಿ ಕೆಲಸ ಬಿಟ್ಟಿದ್ದಳು. ಡೆಲ್ಮರ್ ಗರಗಸದ ಮಾತು ಎತ್ತಿದ, ಜನ ಮೊದಲಿನಷ್ಟು ನಗಲಿಲ್ಲ. ಗಸ್ ತನ್ನ ಮೊಣಕಾಲು ಸವರಿಕೊಳ್ಳುತ್ತ, ಒಂದು ದಿನ ನಾನೂ ಅದನ್ನ ಓಡಿಸಿ ನೋಡ್ಲಾ ಎಂದು ಕೇಳಿದ.

ಅಕ್ಟೋಬರಿನ ಒಂದು ಭಾನುವಾರ ಅರ್ಲೀನ್ ಹಂದಿಮಾಂಸ ಬೇಯಿಸಿ, ಹುಳಿ ಎಲೆಕೋಸು ಮಾಡಿ, ಡೆಲ್ಮರನ ತಾಯಿ ಕಲಿಸಿದ ಹಾಗೆ ಕಡುಬು ಮಾಡಿದಳು. ಕೈ ರೂಢಿಯ ಮೇಲೆ ನಾಲ್ಕು ಜನಕ್ಕೆ ಮಾಡಿತ್ತು. ಮೇಜಿನ ಮೇಲೆ ಎರಡು ತಟ್ಟೆ, ನಡುವೆ ಅಷ್ಟೆತ್ತರ ಕಡುಬು. ಅದನ್ನು ನೋಡಿ ಅವಳಿಗೆ ತಡೆಯಲಾಗಲಿಲ್ಲ.

"ಡೆಲ್, ಟ್ರೂಡಿ ಮಾಡಿಸಿದ್ದಲ್ಲ. ನಾನು. ದುಡ್ಡೂ ನಂದು. ಅವಳ ಬಾಯಿಂದ ನಾನೇ ಹೇಳಿಸ್ದೆ."

ಡೆಲ್ಮರ್ ಮಾಂಸ ಕೊಯ್ಯುತ್ತಿದ್ದ. ಚಾಕು ನಿಲ್ಲಲಿಲ್ಲ. "ಗೊತ್ತು."

"ಗೊತ್ತಾ? ಯಾವಾಗಿಂದ?"

"ಆಪರೇಷನ್ ಮರುದಿನದಿಂದ. ನಾರ್ಬರ್ಟ್ ಆಸ್ಪತ್ರೆಗೆ ಬಂದಿದ್ದ. ನನ್ನ ಗಾಡಿಗೆ ಗರಗಸ ಹಾಕೋ ಮುಂಚೆ ನನ್ನ ಕೇಳ್ದೆ ಇರ್ತಾನೇನೇ? ಅರ್ಲೀನ್ ಹಿಂಗೆ ಹೇಳಿದಾಳೆ, ಏನ್ಮಾಡ್ಲಿ ಅಂದ."

"ನೀನೇನಂದೆ?"

"ಕೊಯ್ಯಿ ಅಂದೆ."

ಅರ್ಲೀನ್ ಕೈಯಲ್ಲಿದ್ದ ಸೌಟನ್ನು ಎಲ್ಲಿಡಬೇಕೆಂದು ತಿಳಿಯದೆ ಹಿಡಿದೇ ಕೂತಳು. "ಕೊಯ್ಯಿ ಅಂದೋನು... ಮತ್ತೆ ಆ ಮಗೂನ ಯಾಕೆ..."

"ಇಪ್ಪತ್ತು ವರ್ಷ ಮೂರು ಚಕ್ರದೋರನ್ನ ಆಡ್ಕೊಂಡು ನಕ್ಕೋನು ನಾನು. ಕಾಲಲ್ಲಿ ಬಲ ಇಲ್ಲ, ನಾನೇ ಮಾಡಿಸ್ಕೊಂಡೆ ಅಂತ ಗಸ್ ಮುಂದೆ ಹೇಳ್ಲಾ? ಯಾರೋ ಮಾಡ್ಬಿಟ್ರು ಅಂದ್ರೆ ಬೈಕೊಂಡು ಓಡಿಸ್ಬೋದು. ಅವಳು ನಂದು ಅಂದ್ಲು. ನೀನು ಬ್ರೆಡ್ ಹಿಡ್ಕೊಂಡು ಸುಮ್ಮನೆ ನಿಂತಿದ್ದೆ."

"ಹೊರಗಡೆ ಆಯ್ತು. ಮನೆ ಒಳಗಾದ್ರೂ ಮಾತಾಡ್ಬೋದಿತ್ತಲ್ಲ!"

"ಮಾತಾಡಿದ್ರೆ ಎಲ್ಲಾ ಬಾಯಿಗೆ ಬಂದ್ಬಿಡ್ತಿತ್ತು." ಅವನು ಚಾಕು ಕೆಳಗಿಟ್ಟ. "ಅವಳ ಮುಖ ನೋಡೋಕೆ ನನ್ನ ಕೈಲಿ ಆಗ್ತಿರ್ಲಿಲ್ಲ, ಅರ್ಲೀನ್."

ಅವಳಿಗೆ ಅವನನ್ನು ಸೌಟಿನಿಂದ ಬಾರಿಸಬೇಕೆನ್ನಿಸಿತು. ಆದರೆ ಬೈಯಲು ಬಾಯಿ ತೆರೆದರೆ ಬಂದ ಬೈಗುಳವೆಲ್ಲ ತನಗೂ ಒಪ್ಪುವಂಥದ್ದೇ ಆಗಿತ್ತು. ಇಬ್ಬರೂ ಒಂದೇ ಹುಡುಗಿಯ ಹಿಂದೆ ಅಡಗಿ ಕೂತಿದ್ದರು, ಅವಳು ಎದ್ದು ಹೋದ ಮೇಲೆ ಈಗ ಒಬ್ಬರಿಗೊಬ್ಬರು ಕಾಣಿಸುತ್ತಿದ್ದರು.

"ಫೋನ್ ಮಾಡ್ತೀನಿ," ಎಂದು ಎದ್ದಳು.

"ಮಾಡು." ಡೆಲ್ಮರ್ ತಟ್ಟೆಯನ್ನೇ ನೋಡುತ್ತಿದ್ದ. "ಗಸ್‌ಗೆಲ್ಲ ಗೊತ್ತಾಗುತ್ತೆ. ಆಗ್ಲಿ. ಆಮೇಲೆ ನಾನಂತೂ ಆ ಗಾಡಿ ಮೇಲೆ ಬಾರಿಗೆ ಹೋಗಲ್ಲ."

ಫೋನು ಆ ಕಡೆ ಮೂರು ಸಲ ಬಡಿದುಕೊಂಡಿತು. ಟ್ರೂಡಿಯ ದನಿ ಬಂತು, ಏದುಸಿರಿನಲ್ಲಿ, ಮೆಟ್ಟಿಲು ಹತ್ತಿ ಓಡಿ ಬಂದವಳಂತೆ.

"ಅಮ್ಮ? ಹೇಳಿದ್ಯಾ?"

ಅರ್ಲೀನ್ ಗಂಡನ ಕಡೆ ನೋಡಿದಳು. ಅವನು ತಲೆಯೆತ್ತಿ ಕಾಯುತ್ತಿದ್ದ. ಕಿಟಕಿಯಾಚೆ ಬಿಸಿಲಿತ್ತು, ಹಿಮ ಬೀಳುವವರೆಗೆ ಇನ್ನೂ ನಾಲ್ಕೈದು ಶುಕ್ರವಾರಗಳಾದರೂ ಇದ್ದವು.

"ಇಲ್ಲ ಕಣೇ," ಎಂದಳು. "ಕಡುಬು ಜಾಸ್ತಿ ಆಗಿದೆ. ನಿಂಗೆ ಕಳಿಸ್ಲಾ ಅಂತ ಕೇಳೋಕೆ ಮಾಡಿದೆ."

ಟ್ರೂಡಿ ಬೇಡ ಎಂದಳು.